ಬರುವ ತಾರೀಖು

ನಮ್ಮ ಕಾರ್ಖಾನೆಯಲ್ಲಿ ಯಾರಾದರೂ ತೀರಿಕೊಂಡರೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಡುವ ಕೆಲಸ ನನ್ನ ತಲೆಗೇ ಬರುತ್ತದೆ. ನೋಟಿಸ್ ಬೋರ್ಡಿಗೆ ಒಂದು, ವಾಟ್ಸಾಪಿಗೆ ಒಂದು. ಐದು ನಿಮಿಷ ಸಾಕು. ಅಂಥವಳು ಮೊನ್ನೆ ಬೆಳಿಗ್ಗೆ ಡೊಂಬಿವಲಿಯ ನನ್ನ ಅಡಿಗೆಮನೆಯಲ್ಲಿ ನಿಂತು, ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲುವವರೆಗೆ, ಒಂದೇ ಒಂದು ಸಾಲಿಗೆ ತಡಕಾಡಿದೆ.

ಫೋನು ಮಾಡಿದ್ದು ನನ್ನ ಜೊತೆ ಕೆಲಸ ಮಾಡಿದ್ದ ಕಾಕಾ ಅವರ ಮಗಳು. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ದೀದಿ, ಪಪ್ಪಾ ಗಯೇ," ಅಂದಳು. ಚಹಾ ಕುಡಿದು ಮತ್ತೆ ಸ್ವಲ್ಪ ಅಡ್ಡಾದವರು ಏಳಲಿಲ್ಲವಂತೆ. "ಇಂಗ್ಲಿಷ್ ಮೇ ಏಕ್ ಮೆಸೇಜ್ ಲಿಖ್ ದೋಗೇ? ಪಪ್ಪಾ ಬೋಲ್ತೇ ಥೇ, ಆಪ್ ಹೀ ಠೀಕ್ ಲಿಖ್ತೇ ಹೋ." ಸರಿಯಾಗಿ ಬರೆಯುವವಳು ನಾನೊಬ್ಬಳೇ ಎಂದು ಅಪ್ಪ ಹೇಳುತ್ತಿದ್ದರಂತೆ. ಬರೆದು ಕಳಿಸ್ತೇನೆ ಅಂದೆ.

ನನಗೆ ಏನೂ ಅನಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಓದುವವರು ನಾನು ಎಲ್ಲಿ ಅಳುತ್ತೇನೆ ಎಂದು ಕಾಯುತ್ತಾರೆ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದರೆ ಪಾದ ನೆಲದ ಮೇಲಿದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಹಾಗಿತ್ತು. ಒಲೆ ಒರೆಸಿದೆ. ಉಳಿದ ಹಾಲಿಗೆ ಚಹಾಪುಡಿ ಹಾಕಿದೆ. ಆಮೇಲೆ ಫೋನು ಹಿಡಿದು ಕೂತೆ.

ಎಲ್ಲರೂ ಬರೆಯುವ ಸಾಲು ನನಗೂ ಗೊತ್ತು. ಲೆಫ್ಟ್ ಫಾರ್ ಹಿಸ್ ಹೆವನ್ಲಿ ಅಬೋಡ್. ಬರೆದೆ, ಅಳಿಸಿದೆ. ಕಾಕಾಗೆ ಆ ಸಾಲು ಕಂಡರೆ ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹಾಗೆ ಬರೆದು ಬೋರ್ಡಿಗೆ ಅಂಟಿಸಲು ಹೊರಟಾಗ ಕೈ ಅಡ್ಡ ಹಿಡಿದು, "ಈ ಊರು ಯಾ ತಾಲೂಕಿನ್ಯಾಗ ಬರ್ತೈತಿ ತಂಗಿ? ವಿಳಾಸ ಗೊತ್ತಿಲ್ಲದ ಕಡೆ ಮಂದೀನ್ನ ಕಳಸಬ್ಯಾಡ," ಅಂದಿದ್ದರು.

ಹೆಸರು ಬೇಡ. ಹಾಜರಿ ಪುಸ್ತಕದಲ್ಲಿ, ಅಂದರೆ ಮಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲಿಯೂ ಅವರ ಹೆಸರನ್ನು ಯಾರೂ ಬಳಸಿದ್ದು ನಾನು ಕಾಣೆ. ಮರಾಠಿಯವರಿಗೂ ಕಾಕಾ, ನಮ್ಮವರಿಗೂ ಕಾಕಾ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಠಾಣೆ ಶಹರದ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಿದ್ಯುತ್ ಪ್ಯಾನೆಲ್ ಮಾಡುವ ನಮ್ಮ ಕಾರ್ಖಾನೆಯ ಗೇಟಿಗೆ ಹತ್ತಿಕೊಂಡು ಒಂದು ಟೈಮ್ ಆಫೀಸಿದೆ. ಎರಡು ಮೇಜು, ಒಂದು ಕಪಾಟು, ಕೆಲಸಗಾರರು ಬಗ್ಗಿ ಮಾತಾಡಬೇಕಾದ ಒಂದು ಕಿಟಕಿ. ಹಾಜರಿ, ರಜೆ, ಓವರ್‌ಟೈಮು ಎಲ್ಲ ಆ ಕಿಟಕಿಯಲ್ಲೇ. ಕಾಕಾ ಅಲ್ಲಿನ ಹಿರಿಯ ಗುಮಾಸ್ತರು, ನಾನು ಕಿರಿಯಳು.

ಕುಳ್ಳಗಿನ ಮನುಷ್ಯ. ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿ. ಗಡಿಯಾರದ ಮುಖವನ್ನು ಅಂಗೈ ಕಡೆ ತಿರುಗಿಸಿ ಕಟ್ಟುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ಟೈಮ್ ಆಫೀಸಿನಾಂವ ಟೈಮ್ ನೋಡೂದು ಮಂದಿಗೆ ಕಾಣಬಾರದು, ಅಂಜಿಕೊಳ್ತಾರ," ಅಂದರು. ಅವರು ತಮಾಷೆ ಮಾಡುವಾಗಲೂ ಮುಖ ಹಾಜರಿ ಕರೆಯುವಾಗಿನ ಹಾಗೇ ಇರುತ್ತಿತ್ತು. ನನಗೆ ಅವರ ತಮಾಷೆ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಆಗ ನಮ್ಮಲ್ಲಿ ರಜೆಯ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕಿತ್ತು, ಕಾಗದದ ಮೇಲೇ ಇರಬೇಕಿತ್ತು. ಹೆಡ್ ಆಫೀಸು ಸೀವುಡ್ಸ್ ಸ್ಟೇಷನ್ನಿನ ಮೇಲಿನ ಕಟ್ಟಡದಲ್ಲಿದೆ. ಅಲ್ಲಿ ಕೂತವರು ನಮ್ಮ ಕೆಲಸಗಾರರ ಮುಖ ಕಂಡವರಲ್ಲ. ತಾಮ್ರದ ಪಟ್ಟಿ ಬಗ್ಗಿಸುವ ಶರಣಪ್ಪ ಎಂದರೆ ಅವರ ಪಾಲಿಗೆ ಒಂದು ಅರ್ಜಿ, ಅದರಲ್ಲಿ ಏನಿದೆಯೋ ಅಷ್ಟೇ ಶರಣಪ್ಪ. ನಮ್ಮವರೋ, ಕಲಬುರ್ಗಿ, ರಾಯಚೂರು, ವಿಜಯಪುರದಿಂದ ಬಂದವರು, ಕನ್ನಡದಲ್ಲಿ ಸಹಿ ಹಾಕಿದರೆ ಅದೇ ಹೆಚ್ಚು. ಹಾಗಾಗಿ ಯಾರು ಎಲ್ಲಿಗೆ ಹೋಗಬೇಕಾದರೂ ಕಾಕಾ ಬರೆಯಬೇಕು.

ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಮ್ಯಾಟ್ರಿಕ್‌ವರೆಗೆ. ಇಂಗ್ಲಿಷ್ ಕಲಿತದ್ದು ವಾಪಸು ಬಂದ ಅರ್ಜಿಗಳಿಂದ. ಹಿಂದೆ ಹೆಡ್ ಆಫೀಸಿನಲ್ಲಿ ಒಬ್ಬ ಮುಂಗೋಪಿ ಸಾಹೇಬರಿದ್ದರಂತೆ. ತಪ್ಪಿರುವ ಅರ್ಜಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಬೈದು, ಹಿಂದಕ್ಕೆ ಕಳಿಸುತ್ತಿದ್ದರು. ಬೇರೆಯವರಾದರೆ ಹರಿದು ಬಿಸಾಡುತ್ತಿದ್ದರು. ಕಾಕಾ ಒಂದು ಉದ್ದನೆಯ ರೂಲು ಪುಸ್ತಕ ತಂದು, ಅವನ್ನೆಲ್ಲ ಗೋಂದು ಹಚ್ಚಿ ಅಂಟಿಸಿದರು. ಊರಿಗೆ ಹೋಗುವುದು ಒಂದು ಭಾಗ, ದವಾಖಾನೆಗೆ ಹೋಗುವುದು ಒಂದು, ಲಗ್ನಕ್ಕೆ, ಕೋರ್ಟಿಗೆ, ಮಗನ ಶಾಲೆಗೆ, ಸ್ಟೇಷನ್ನಿಗೆ ಯಾರನ್ನೋ ಕರೆತರಲು. ಕಡೆಯ ಭಾಗದ ತಲೆಬರಹ 'ಮಣ್ಣು' ಎಂದಿತ್ತು. ಅವರ ಕಡೆ ಸತ್ತವರ ಕ್ರಿಯೆಗೆ ಹೋಗುವುದಕ್ಕೆ ಮಣ್ಣಿಗೆ ಹೋಗುವುದು ಅನ್ನುತ್ತಾರೆ. ಪ್ರತಿ ಪುಟದಲ್ಲೂ ಒಂದು ತಪ್ಪು ವಾಕ್ಯ, ಕೆಳಗೆ ಸಾಹೇಬರ ಕೆಂಪು ವಾಕ್ಯ, ಅದರ ಕೆಳಗೆ ಕಾಕಾರ ದುಂಡು ಅಕ್ಷರದ ನಕಲು.

ಈ ಪುಸ್ತಕ ನೋಡಿ ನನಗೆ ನಗು ಬಂದಿತ್ತು. ನಾನು ಡೊಂಬಿವಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದವಳು. ಉಡುಪಿ ಕಡೆಯ ಹೋಟೆಲಿನವರ ಮಗಳು ಕಲಿತು ಆಫೀಸು ಸೇರಿದ್ದಾಳೆ ಎಂದು ಮನೆಯಲ್ಲಿ ಒಂದು ತೂಕ ಹೆಚ್ಚೇ ಇತ್ತು. ಆ ತೂಕವನ್ನೇ ಹೊತ್ತುಕೊಂಡು ಟೈಮ್ ಆಫೀಸಿಗೆ ಬಂದಿದ್ದೆ.

ಬಂದ ಮೊದಲ ವಾರವೇ ಒಂದು ಅರ್ಜಿ ಸಿಕ್ಕಿತು. ಯಾರೋ ಒಬ್ಬ ಹುಮ್ಮಸ್ಸಿನಿಂದ ತಾನೇ ಬರೆದುಕೊಂಡು ಬಂದಿದ್ದ. ಐ ವಿಲ್ ಗೋ ಅಂಡ್ ಕಮ್ ಟು ಮೈ ವಿಲೇಜ್. ನಾನು ಗೊಳ್ಳೆಂದು ನಕ್ಕು, 'ಅಂಡ್ ಕಮ್' ಎಂಬುದನ್ನು ಹೊಡೆದು ಹಾಕಿದೆ. ಕಾಕಾ ಆ ಕಾಗದ ತೆಗೆದುಕೊಂಡು ನೋಡಿದರು.

"ಇಂಗ್ಲಿಷ್ ತಪ್ಪೈತಿ," ಅಂದರು. "ಮನುಷ್ಯಾ ಸರಿ ಅದಾನ."

"ಎಂತ ಸರಿ ಕಾಕಾ? ಹಾಗೆ ಯಾರೂ ಬರೆಯುವುದಿಲ್ಲ."

"ನೀ ಮನಿಯಿಂದ ಹೊಂಡಾಗ ಅವ್ವಗ ಏನಂತಿ?"

"ಹೋಗಿ ಬರ್ತೇನೆ ಅಂತೇನೆ."

"ಬರೇ ಹೋಗ್ತೇನಿ ಅಂದ್ರ?"

ಬೈಸಿಕೊಳ್ಳುತ್ತೇನೆ ಅಂದೆ. ನಮ್ಮ ಅಮ್ಮ ತುಳುವಿನಲ್ಲಿ ಬೈಯುತ್ತಾಳೆ, ಅಷ್ಟೇ ವ್ಯತ್ಯಾಸ. ಬರೇ ಹೋಗುತ್ತೇನೆ ಅಂದರೆ ಅಪಶಕುನ.

"ಗೇಟಿನ್ಯಾಗಿರೋ ವಾಚ್‌ಮನ್ ಮರಾಠ್ಯಾಂವ. ಅಂವ ಮನೀಗೆ ಹೊಂಟ್ರ ಯೇತೋ ಅಂತಾನ. ಬರ್ತೀನಿ ಅಂತ. ಹೋಗೂ ಮಾತು ತಗಿಯಂಗೇ ಇಲ್ಲ. ನಾವರ ಹೋಗಿ ಬರ್ತೀನಿ ಅಂತೀವಿ. ಇಂಗ್ಲಿಷ್‌ನ್ಯಾಗ ಅಷ್ಟ, ಹೋಗಾಂವ ಹೋಗೇ ಬಿಡ್ತಾನ. ಅದಕ ನಾ ಎರಡು ಸಾಲು ಮಾಡೀನಿ. ಹೋಗೂದು ಒಂದು ಸಾಲು, ಬರೂದು ಒಂದು ಸಾಲು."

ಅವರ ಅರ್ಜಿಗಳೆಲ್ಲ ಹಾಗೇ ಇರುತ್ತಿದ್ದವು. ಮೊದಲ ಸಾಲಿನಲ್ಲಿ ಎಲ್ಲಿಗೆ, ಯಾಕೆ. ಎರಡನೆಯ ಸಾಲು: ಐ ಶಲ್ ರಿಟರ್ನ್ ಟು ಡ್ಯೂಟಿ ಆನ್, ಮುಂದೆ ತಾರೀಖು. ನೇಟಿವ್ ಪ್ಲೇಸ್ ಎಂದಷ್ಟೇ ಬರೆದರೆ ಒಪ್ಪುತ್ತಿರಲಿಲ್ಲ. ಊರು, ತಾಲೂಕು, ಜಿಲ್ಲೆ ಮೂರೂ ಬೇಕು. ಸೀವುಡ್ಸಿನವರಿಗೆ ಜೇವರ್ಗಿ ಗೊತ್ತಿಲ್ಲದಿದ್ದರೂ, ಮೂರು ಹೆಸರು ಸಾಲಾಗಿ ಕಂಡರೆ ಈ ಮನುಷ್ಯನಿಗೆ ನಿಜವಾಗಿ ಒಂದು ಊರಿದೆ ಎಂದು ನಂಬುತ್ತಾರೆ ಎನ್ನುವುದು ಅವರ ಲೆಕ್ಕಾಚಾರ. ಔಟ್ ಆಫ್ ಸ್ಟೇಷನ್ ಎಂದು ಯಾರಾದರೂ ಬರೆಸಲು ಬಂದರೆ, "ಸ್ಟೇಷನ್ ಹೊರಗ ಅಂದ್ರ ಎಲ್ಲಿ? ಠಾಣೆದಾಗ ರಿಕ್ಷಾ ಸ್ಟ್ಯಾಂಡ್ ಐತಿ," ಅನ್ನುವರು. ಗೋ ಟು ಹೋಮ್ ಎಂದು ಬರೆದವನಿಗೆ, "ಎಲ್ಲಾ ಕಡೆ ಹೋಗಾಕ 'ಟು' ಬೇಕೋ, ಮನೀಗೆ ಹೋಗಾಕ ಅದರ ಹಂಗಿಲ್ಲ," ಅನ್ನುವರು. ವ್ಯಾಕರಣದಲ್ಲಿ ಅದಕ್ಕೆ ಬೇರೆ ಕಾರಣವಿದೆ ಎಂದು ನಾನು ವಿವರಿಸಲು ಹೋದರೆ, ಪೂರ್ತಿ ಕೇಳಿಸಿಕೊಂಡು, ಛಲೋ ಅಂದು, ಮಾರನೆಯ ದಿನ ಮತ್ತೆ ಅದನ್ನೇ ಹೇಳುವರು.

ಬರೆದಾದ ಮೇಲೆ ಅವರಲ್ಲೊಂದು ಪದ್ಧತಿ ಇತ್ತು. ಸಹಿ ಹಾಕಿಸುವ ಮುಂಚೆ ಅರ್ಜಿಯನ್ನು ಆ ಮನುಷ್ಯನಿಗೆ ಅವನದೇ ಮಾತಿನಲ್ಲಿ ಓದಿ ಹೇಳುವುದು. "ಕೇಳಪಾ, ನೀ ಸಾಹೇಬ್ರಿಗೆ ಏನ್ ಹೇಳೀ ಅಂದ್ರ, ನನ್ನ ತಂಗೀ ಲಗ್ನ ಐತಿ, ಸಿಂದಗಿ ತಾಲೂಕಿಗೆ ಹೊಂಟೀನಿ, ಹದಿನಾಲ್ಕನೇ ತಾರೀಖಿಗೆ ನಾ ನಿಮ್ಮ ಮುಂದ ಇರ್ತೀನಿ. ಖರೇ ಏನು?" ಕಿಟಕಿಯಲ್ಲಿ ಬಗ್ಗಿದವನು ತನ್ನ ಬಾಯಿಂದ ಇಷ್ಟು ಗಂಭೀರ ಮಾತು ಬಂತೇ ಎಂದು ಬೆರಗಾಗಿ, ಹೌದ್ರಿ ಅನ್ನುತ್ತಿದ್ದ. ಆಮೇಲೆ ಸಹಿ.

ಬರುವ ತಾರೀಖು ಗೊತ್ತಿಲ್ಲದವರೂ ಬರುತ್ತಿದ್ದರು. ಅಂಥವರಿಗೆ ಕಾಕಾ ತಾವೇ ಒಂದು ತಾರೀಖು ಅಂದಾಜು ಮಾಡಿ ಹಾಕುವರು. ಆ ದಿನ ಹತ್ತಿರ ಬಂದಂತೆ ಅವನಿಗೆ ಫೋನು ಮಾಡಿ, ಇನ್ನೂ ತಡ ಅಂದರೆ, ಅವನ ಹೆಸರಿನಲ್ಲಿ ಇನ್ನೊಂದು ಅರ್ಜಿ ಬರೆದು ಕಳಿಸುವರು. ಒಮ್ಮೆ ಅದರಲ್ಲಿ 'ಐ ಆ್ಯಮ್ ಆನ್ ಮೈ ವೇ ಬ್ಯಾಕ್' ಎಂದು ಬರೆದದ್ದನ್ನು ನಾನು ಹಿಡಿದೆ. "ಅವನು ಇನ್ನೂ ಊರಲ್ಲೇ ಇದ್ದಾನಲ್ಲ ಕಾಕಾ. ಇದು ಸುಳ್ಳು."

"ಮನಸಿನ್ಯಾಗ ಹೊಂಟಾನ ತಂಗಿ," ಅಂದರು, ತಲೆ ಎತ್ತದೆ.

ನನಗೆ ಇದು ಸರಿ ಕಾಣಲಿಲ್ಲ. ಬರವಣಿಗೆ ಎಂದರೆ ಇದ್ದದ್ದನ್ನು ಇದ್ದ ಹಾಗೆ ಸರಿಯಾದ ಶಬ್ದದಲ್ಲಿ ಹೇಳುವುದು ಎಂದು ನಾನು ಬಲವಾಗಿ ನಂಬಿದ್ದೆ. ಈಗಲೂ ನಂಬಿದ್ದೇನೆ ಅನಿಸುತ್ತದೆ. ಅದೇ ತೊಂದರೆ.

ಅವರ ನಿವೃತ್ತಿಗೆ ಒಂದು ವರ್ಷ ಇರುವಾಗ ಕಣ್ಣಿನ ಪೊರೆ ತೆಗೆಸಲು ಇಪ್ಪತ್ತು ದಿನ ರಜೆ ಹಾಕಿದರು. ತಮ್ಮ ಅರ್ಜಿಯನ್ನೂ ಎರಡೇ ಸಾಲಿನಲ್ಲಿ ಬರೆದರು. ಹೋಗುವಾಗ ಉದ್ದನೆಯ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನ ನೋಡ್ಕೊಂಡ ಬರಿ. ಹೋಗಿ ಬರ್ತೀನಿ," ಅಂದರು. ನಾನು ಅದನ್ನು ಕಪಾಟಿನಲ್ಲಿಟ್ಟೆ. ಬಿ.ಎ. ಮಾಡಿದವಳು ಗೋಂದು ಹಚ್ಚಿದ ಪುಸ್ತಕ ನೋಡಿ ಬರೆಯಬೇಕೇ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ನಾಲ್ಕನೆಯ ದಿನ ಶರಣಪ್ಪ ಕಿಟಕಿಗೆ ಬಂದ. ಹನ್ನೊಂದು ವರ್ಷದಿಂದ ಕಾಯಂ ಕೆಲಸದಲ್ಲಿದ್ದವನು. ಕಾಯಂ ಆಗಿದ್ದವರು ನಮ್ಮಲ್ಲಿ ಕಡಿಮೆ, ಉಳಿದವರೆಲ್ಲ ಗುತ್ತಿಗೆದಾರನ ಆಳುಗಳು. ಅವನ ಹೆಂಡತಿ ಹೆರಿಗೆಗೆಂದು ಊರಿಗೆ ಹೋದವಳು ದವಾಖಾನೆಯಲ್ಲಿದ್ದಳು, ದಿನ ತುಂಬುವ ಮುಂಚೆಯೇ ರಕ್ತಸ್ರಾವ. ಕಲ್ಯಾಣದಿಂದ ಗಾಡಿಗೆ ಎರಡು ತಾಸು ಮಾತ್ರ ಉಳಿದಿತ್ತು.

"ಯಾವಾಗ ಬರ್ತೀರಿ?" ಕೇಳಿದೆ.

"ಹ್ಯಾಂಗ್ ಹೇಳ್ಲರೀ ಅಕ್ಕೋರೆ. ಗೊತ್ತಿಲ್ರಿ."

ಗೊತ್ತಿಲ್ಲ ಅಂದರೆ ಗೊತ್ತಿಲ್ಲ. ನಾನು ಬರೆದೆ. ಹೆಂಡತಿಯ ಸ್ಥಿತಿ, ಊರು, ಪ್ರಯಾಣ, ಎಲ್ಲವನ್ನೂ ಹದವಾದ ಇಂಗ್ಲಿಷಿನಲ್ಲಿ. ಕೊನೆಗೆ, ಐ ಶಲ್ ಇನ್ಫಾರ್ಮ್ ಯು ಆಫ್ ದ ಡೇಟ್ ಆಫ್ ಮೈ ರಿಟರ್ನ್ ಇನ್ ಡ್ಯೂ ಕೋರ್ಸ್. ಒಂದು ಅಕ್ಷರ ತಪ್ಪಿಲ್ಲ. ಕಾಕಾರ ಪುಸ್ತಕದಲ್ಲಿ ಅಷ್ಟು ಚೆಂದದ ವಾಕ್ಯ ಒಂದೂ ಇರಲಿಲ್ಲ. ಅದನ್ನು ಶರಣಪ್ಪನಿಗೆ ಓದಿ ಹೇಳಲಿಲ್ಲ, ಸಮಯ ಇರಲಿಲ್ಲ. ಅವನು ಸಹಿ ಹಾಕಿ ಓಡಿದ. ನಾನು ಆ ಅರ್ಜಿಯನ್ನು ಇನ್ನೊಮ್ಮೆ ಓದಿಕೊಂಡು ಖುಷಿಪಟ್ಟು ತಪಾಲಿನಲ್ಲಿ ಹಾಕಿದೆ.

ಬರುವ ತಾರೀಖಿಲ್ಲದ ಅರ್ಜಿಗೆ ಹತ್ತು ದಿನ ಗಡುವು ಎಂಬ ನಿಯಮ ಇತ್ತು. ಹತ್ತು ದಿನದಲ್ಲಿ ಆಳು ಬರದಿದ್ದರೆ ಕೆಲಸ ಬಿಟ್ಟ ಹಾಗೆ. ಒಬ್ಬ ಕಾಯಂ ಆಳು ಕಡಿಮೆಯಾದರೆ ಸಾಕೆಂದು ಕಾಯುತ್ತಿದ್ದವರಿಗೆ ಇಷ್ಟು ಸಾಕಾಯಿತು. ನನಗೆ ಆ ನಿಯಮ ಗೊತ್ತಿರಲಿಲ್ಲ. ಪುಸ್ತಕದ ಮೊದಲ ಪುಟದಲ್ಲೇ ಕಾಕಾ ಅದನ್ನು ಕನ್ನಡದಲ್ಲಿ ದಪ್ಪಗೆ ಬರೆದು ಅಡಿಗೆರೆ ಹಾಕಿದ್ದರು, ಆಮೇಲೆ ನೋಡಿದೆ. ಹನ್ನೊಂದನೆಯ ದಿನ ಸೀವುಡ್ಸಿನಿಂದ ಕಾಗದ ಬಂತು. ಶರಣಪ್ಪನ ಹೆಂಡತಿ ಬದುಕಿದಳು, ಮಗು ಉಳಿಯಲಿಲ್ಲ. ಹದಿನಾಲ್ಕನೆಯ ದಿನ ಅವನು ಮರಳಿ ಬಂದಾಗ ಗೇಟಿನಲ್ಲಿ ವಾಚ್‌ಮನ್ ಒಳಗೆ ಬಿಡಲಿಲ್ಲ. ಮಸ್ಟರಿನಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದವಳು ನಾನೇ, ಮೇಲಿನವರ ಆದೇಶದಂತೆ, ಅಡಿಪಟ್ಟಿ ಇಟ್ಟು ನೇರವಾಗಿ.

ಆ ವಾರವೇ ಕಾಕಾ ಹಸಿರು ಕನ್ನಡಕ ಹಾಕಿಕೊಂಡು ವಾಪಸಾದರು. ಅರ್ಜಿಯ ನಕಲು ಕೇಳಿದರು. ಕಣ್ಣಿಗೆ ಇನ್ನೂ ಆಯಾಸ, ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ.

"ಇಂಗ್ಲಿಷ್ ಭಾಳ ಛಲೋ ಐತಿ ತಂಗಿ," ಅಂದರು.

ಬೈಗುಳಕ್ಕಾದರೆ ಉತ್ತರ ಇತ್ತು. ನಾನೇ ಹೆಡ್ ಆಫೀಸಿಗೆ ಹೋಗಿ ಹೇಳುತ್ತೇನೆ ಅಂದೆ. ಧ್ವನಿ ಎಷ್ಟು ಸಣ್ಣದಿತ್ತೆಂದರೆ ನನಗೇ ಸರಿಯಾಗಿ ಕೇಳಿಸಲಿಲ್ಲ. ಅವರು ಕೈ ಅಲ್ಲಾಡಿಸಿದರು. "ನಿಂದಿನ್ನ ಪ್ರೊಬೇಷನ್ ಮುಗದಿಲ್ಲ. ನೀ ಸುಮ್ಕಿರು."

ನಾನು ಸುಮ್ಮನಿದ್ದೆ. ಒಂದೇ ಸಲ ಹೇಳಿದ್ದಕ್ಕೇ ಸುಮ್ಮನಾಗಿಬಿಟ್ಟೆ. ಎರಡನೆಯ ಸಲ ಅವರು ಹೇಳಬೇಕಾಗಿ ಬರಲೇ ಇಲ್ಲ.

ಮಾರನೆಯ ದಿನ ಅವರು ಠಾಣೆಯಿಂದ ನೆರೂಳಿಗೆ ಹೋಗಿ, ಅಲ್ಲಿ ಗಾಡಿ ಬದಲಾಯಿಸಿ ಸೀವುಡ್ಸಿಗೆ ಹೋದರು. ಅಷ್ಟು ವರ್ಷ ಆ ವಿಳಾಸಕ್ಕೆ ಅರ್ಜಿ ಕಳಿಸಿದವರು ಹೆಡ್ ಆಫೀಸನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಲಿಖಿತದಲ್ಲಿ ಕೊಟ್ಟರು: ಆ ಅರ್ಜಿಯನ್ನು ರಜೆಯಲ್ಲಿದ್ದ ನಾನೇ ಫೋನಿನಲ್ಲಿ ಹೇಳಿ ಬರೆಸಿದ್ದು, ತಾರೀಖು ಹೇಳಲು ಮರೆತೆ, ತಪ್ಪು ನನ್ನದು, ಕೆಲಸಗಾರನದಲ್ಲ. ಮಧ್ಯಾಹ್ನ ಬಂದು ಕುರ್ಚಿಯಲ್ಲಿ ಕೂತು ನೀರು ಕುಡಿದರು. ಏನಾಯಿತು ಎಂದು ಕೇಳಿದೆ. "ಸೋಫಾ ಭಾಳ ಮೆತ್ತಗೈತಿ, ಏಳಾಕ ತ್ರಾಸ್ ಆತು," ಅಂದರು. ಐದು ನಿಮಿಷ ಮಾತಾಡಿಸಿ ಕಳಿಸಿದ್ದರು. ಶರಣಪ್ಪನನ್ನು ತಿರುಗಿ ತೆಗೆದುಕೊಳ್ಳಲಿಲ್ಲ. ಅವನು ಮಾಜಿವಾಡಾದ ಒಂದು ಗೋಡೌನಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ.

ಕಾಕಾಗೆ ಏನಾಯಿತು ಎಂದರೆ, ಹೊರಗಿನಿಂದ ನೋಡಿದರೆ ಹೆಚ್ಚೇನೂ ಆಗಲಿಲ್ಲ. ಒಂದು ಮೆಮೊ ಬಂತು. ನಿವೃತ್ತಿಯ ಮೇಲೆ ಎಲ್ಲರಿಗೂ ಸಿಗುವ ಎರಡು ವರ್ಷದ ಮುಂದುವರಿಕೆ ಅವರಿಗೆ ಸಿಗಲಿಲ್ಲ. ಆದರೆ ಕೆಲಸಗಾರರ ನಡುವೆ ಮಾತು ಹಬ್ಬಿತು. ಮುದುಕನಿಗೆ ನೆನಪು ಹೋಗಿದೆ, ಶರಣಪ್ಪನ ನೌಕರಿ ಕಳೆದ, ನಾಳೆ ನಮ್ಮದೂ ಕಳೆಯುತ್ತಾನೆ. ಕೆಲಸಗಾರರು ತಮ್ಮ ಅರ್ಜಿಗಳನ್ನು ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಬರೆಸಿಕೊಂಡು ಬರತೊಡಗಿದರು, ಕಾಸು ಕೊಟ್ಟು. ಕಿಟಕಿಯಲ್ಲಿ ಕಾಗದ ತೂರಿಸಿ ಹೋಗಿಬಿಡುವರು. ಕಾಕಾ ಅದನ್ನು ಓದಿ, ತಾರೀಖು ಇದೆಯೋ ನೋಡಿ, ಸೀಲು ಹೊಡೆಯುವರು. ಓದಿ ಹೇಳಲು ಎದುರಿಗೆ ಯಾರೂ ಇರುತ್ತಿರಲಿಲ್ಲ. ನನ್ನಿಂದ ನಾಲ್ಕು ಅಡಿ ದೂರದಲ್ಲಿ ಅವರು ಆ ಕೊನೆಯ ವರ್ಷವನ್ನು ಹಾಗೆ ಕೂತು ಕಳೆದರು. ಅವರ ಹತ್ತಿರ ಇದ್ದದ್ದು ಅರ್ಜಿಯಲ್ಲಿ ಎಂದೂ ತಪ್ಪದವರು ಎಂಬ ಆ ಒಂದು ಹೆಸರು. ಅದು ನನ್ನ ಕಣ್ಣೆದುರೇ ಹೋಯಿತು. ನಾನು ಟೈಪು ಮಾಡುತ್ತಿದ್ದೆ.

ಮುಂದಿನ ವಾರ ಎಲ್ಲರೆದುರು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಪ್ರೊಬೇಷನ್ ಮುಗಿಯಲಿ ಅಂದುಕೊಂಡೆ, ಮುಗಿಯಿತು. ದೀಪಾವಳಿ ಕಳೆಯಲಿ ಅಂದುಕೊಂಡೆ, ಕಳೆಯಿತು. ಅವರ ಬೀಳ್ಕೊಡುಗೆಯ ದಿನ ಶಾಲು, ಹಾರ, ಒಂದು ಗೋಡೆ ಗಡಿಯಾರ. ಸಭೆಗೆ ಬಂದ ಕೆಲಸಗಾರರನ್ನು ಬೆರಳಲ್ಲಿ ಎಣಿಸಬಹುದಿತ್ತು. ಹೊರಡುವಾಗ ಎಂದಿನಂತೆ ಕಿಟಕಿಯ ಚೌಕಟ್ಟನ್ನು ಎರಡು ಸಲ ಬಡಿದು, "ಹೋಗಿ ಬರ್ತೀನಿ ತಂಗಿ," ಅಂದರು. ಉದ್ದನೆಯ ಪುಸ್ತಕ ನನ್ನ ಕಪಾಟಿನಲ್ಲೇ ಉಳಿಯಿತು. ನಾನೀಗ ಅದನ್ನು ನೋಡಿಕೊಂಡೇ ಬರೆಯುತ್ತೇನೆ.

ಡೊಂಬಿವಲಿಯಿಂದ ಕಾಕಾ ಇದ್ದ ಕಲ್ಯಾಣ ಎರಡನೆಯ ಸ್ಟೇಷನ್ನು. ಅವರು ನಿವೃತ್ತರಾದ ಮೇಲಿನ ಆರು ವರ್ಷದಲ್ಲಿ ನಾನು ಒಮ್ಮೆಯೂ ಅವರ ಮನೆಗೆ ಹೋಗಲಿಲ್ಲ. ಯುಗಾದಿಗೆ ಫೋನು ಮಾಡುತ್ತಿದ್ದರು. ಬಂದು ಹೋಗು ತಂಗಿ ಅನ್ನುವರು. ಬರ್ತೇನೆ ಕಾಕಾ ಅನ್ನುವೆ. ಅಷ್ಟಕ್ಕೇ ಬಿಡುವರು, ಯಾವತ್ತು ಎಂದು ಕೇಳುತ್ತಿರಲಿಲ್ಲ. ಹಾಲಿನವನ ಹತ್ತಿರವೂ ಬರುವ ತಾರೀಖು ಕೇಳುವ ಮನುಷ್ಯ ನನ್ನನ್ನು ಮಾತ್ರ ಯಾಕೆ ಕೇಳುವುದಿಲ್ಲ ಎಂದು ನಾನು ಗಮನಿಸಿದ್ದೆ. ಕೇಳಬೇಕೆಂಬ ಆಸೆ ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಮೊನ್ನೆ ಬೆಳಿಗ್ಗೆ ಕೊನೆಗೆ ನಾನು ಬರೆದದ್ದು ಎರಡು ಸಾಲು. ಮೊದಲ ಸಾಲಿನಲ್ಲಿ, ಇವರು ಇಂದು ಬೆಳಿಗ್ಗೆ ಕಲ್ಯಾಣದ ಮನೆಯಲ್ಲಿ ತೀರಿಕೊಂಡರು. ಹೋದರು ಎಂಬ ಅರ್ಥದ ಯಾವ ಶಬ್ದವನ್ನೂ ಹಾಕಲಿಲ್ಲ. ಎರಡನೆಯ ಸಾಲಿನಲ್ಲಿ ಬರೆಯಲು ತಾರೀಖಿರಲಿಲ್ಲ, ಮಣ್ಣು ನಾಲ್ಕು ಗಂಟೆಗೆ ಎಂದು ಬರೆದೆ. ಮಗಳಿಗೆ ಕಳಿಸಿದೆ. ಆಮೇಲೆ ನನ್ನ ರಜೆಯ ಅರ್ಜಿ. ಟು ಅಟೆಂಡ್ ದ ಫ್ಯೂನರಲ್ ಆಫ್ ಎ ಫಾರ್ಮರ್ ಕಲೀಗ್. ಐ ಶಲ್ ರಿಟರ್ನ್ ಟು ಡ್ಯೂಟಿ ಟುಮಾರೋ. ಈಗ ಇದೆಲ್ಲ ಫೋನಿನಲ್ಲೇ ಕಳಿಸುತ್ತೇವೆ.

ಕಲ್ಯಾಣ ಪೂರ್ವದಲ್ಲಿ ಅವರದು ಹಳೆಯ ಕಟ್ಟಡದ ಎರಡನೆಯ ಮಾಳಿಗೆ. ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಲ್ಲಿ ಹೂವು. ಬಿಳಿ ಅಂಗಿಯ ಗುಂಡಿ ಮಣಿಕಟ್ಟಿನವರೆಗೆ ಹಾಕಿದ್ದರು. ಗಡಿಯಾರ ಮಾತ್ರ ಇರಲಿಲ್ಲ. ಅವರನ್ನು ನೋಡಿದೆ, ಕೈ ಮುಗಿದೆ. ಆಗಲೂ ಏನೂ ಅನಿಸಲಿಲ್ಲ. ಮಗಳು ನನ್ನ ಕೈ ಹಿಡಿದು ಅತ್ತಳು. ನಾನು ಅವಳ ಬೆನ್ನು ಸವರುತ್ತ, ಕಿಟಕಿಯಲ್ಲಿ ಒಣಹಾಕಿದ್ದ ಅವರ ಪಂಚೆಯ ಅಂಚು ನೋಡುತ್ತಿದ್ದೆ.

ಹೊರಗೆ ಗ್ಯಾಲರಿಯಲ್ಲಿ ನಮ್ಮ ಕಾರ್ಖಾನೆಯ ನಾಲ್ಕೈದು ಹಳಬರು ನಿಂತಿದ್ದರು. ಶರಣಪ್ಪನೂ ಇದ್ದ. ಕೂದಲು ನೆರೆತಿತ್ತು, ಮೂಟೆ ಹೊತ್ತು ಒಂದು ಭುಜ ಇಳಿದಿತ್ತು. ಬಿದಿರು, ಹಗ್ಗ ತರಿಸುವುದನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. ನಾನು ಚಪ್ಪಲಿಯ ಹತ್ತಿರ ಹೋದಾಗ ಆ ಹಳಬರಲ್ಲೊಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ, "ಮುದುಕ ಛಲೋ ಇದ್ನಪಾ. ನಮ್ಮ ಶರಣ್ಯಾನ ನೌಕರಿ ಕಳದದ್ದೊಂದ ಬಿಟ್ರ."

ಒಳಗೆ ಅವರು ಗೋಡೆಗೆ ಒರಗಿ ಕೂತಿದ್ದರು. ಬಾಗಿಲು ತೆರೆದೇ ಇತ್ತು.

"ಅವರು ಕಳೆದದ್ದಲ್ಲ," ಅಂದೆ. ಎಲ್ಲರೂ ತಿರುಗಿದರು. "ಶರಣಪ್ಪಣ್ಣ, ಆ ಅರ್ಜಿಯನ್ನು ಕಾಕಾ ಹೇಳಿ ಬರೆಸಿದ್ದಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ನಾನೇ ಬರೆದದ್ದು. ತಾರೀಖು ಬಿಟ್ಟದ್ದು ನಾನು. ಆಮೇಲೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತದ್ದೂ ನಾನೇ."

ಹಳಬರು ನನ್ನನ್ನೂ ಅವನನ್ನೂ ನೋಡಿದರು. ಶರಣಪ್ಪ ಕೈಯಲ್ಲಿದ್ದ ಹಗ್ಗದ ಸುರುಳಿಯನ್ನು ಕೆಳಗಿಟ್ಟ.

"ಗೊತ್ತದರೀ ಅಕ್ಕೋರೆ," ಅಂದ.

"ಯಾರು ಹೇಳಿದ್ದು? ಕಾಕಾ ಹೇಳಿದರಾ?"

"ಯಾರ್ ಹೇಳಬೇಕ್ರಿ? ಕಾಕಾ ಯಾವತ್ತರ ಬರೋ ತಾರೀಖ್ ಬಿಟ್ಟಾರೇನ್ರಿ?" ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಆವಾಗೇ ಬಂದು ಕೇಳ್ದೆ. ಹೌದಂದ್ರು. ಯಾರ ಮುಂದೂ ಆಡಬ್ಯಾಡ ಅಂತ ಆಣಿ ಹಾಕಸ್ಕೊಂಡ್ರು. ನಾ ಸುಮ್ನ ಉಳದೆ."

"ಏಳು ವರ್ಷ?"

"ವರ್ಷಾ ಯುಗಾದಿಗಿ ನಾ ಇಲ್ಲಿ ಬರ್ತಿದ್ದೆರೀ. ಒಂದ್ಸಲ ಕೇಳ್ದೆ, ಆ ಅಕ್ಕೋರು ಒಂದು ಮಾತರ ಹೇಳ್ಬೇಕಿಲ್ಲೇನ್ರೀ ಕಾಕಾ ಅಂತ. ಅದಕ್ಕ ಅಂದ್ರು, ಆಕಿ ಬರ್ತಾಳಪಾ, ತಾನ ಬಂದು ಹೇಳ್ತಾಳ, ಆಕೀಗೆ ಮಾತ್ರ ತಾರೀಖ್ ಕೇಳಬ್ಯಾಡ."

ಶರಣಪ್ಪ ಹಗ್ಗ ಎತ್ತಿಕೊಂಡು ಕೆಳಗಿಳಿದ. ನಾನು ಗ್ಯಾಲರಿಯ ಕಂಬಿ ಹಿಡಿದು ನಿಂತೆ. ಜೋಮು ಹಿಡಿದ ಕಾಲಿಗೆ ರಕ್ತ ಹರಿಯತೊಡಗಿದಾಗ ಆಗುವ ಹಾಗೆ ಮೈಯೆಲ್ಲ ಚುಚ್ಚಿತು. ಅಳು ಬರಲಿಲ್ಲ.

ನಾಲ್ಕು ಗಂಟೆಗೆ ಅವರನ್ನು ಕರೆದೊಯ್ದರು. ಮಣ್ಣಿಗೆ ಹೆಂಗಸರು ಹೋಗಲಿಲ್ಲ. ಮನೆ ತೊಳೆದರು, ದೀಪ ಇಟ್ಟರು. ನಾನು ಹೊರಡಲು ಎದ್ದೆ. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೇನೆ ಅನ್ನಬಾರದು, ನಮ್ಮಲ್ಲೂ ಅನ್ನುವುದಿಲ್ಲ, ಅವರಲ್ಲೂ ಅನ್ನುವುದಿಲ್ಲ. ಏನೂ ಹೇಳದೆ ಎದ್ದು ನಡೆದುಬಿಡಬೇಕು. ಬಾಗಿಲ ತನಕ ಹಾಗೇ ಬಂದೆ. ಅಲ್ಲಿ ನಿಂತು, ಚೌಕಟ್ಟನ್ನು ಎರಡು ಸಲ ಬಡಿದೆ.

"ಹೋಗಿ ಬರ್ತೇನೆ," ಅಂದೆ. ಒಬ್ಬ ಮುದುಕಿ ಗಾಬರಿಯಾಗಿ, ಅನಬಾರದವ್ವಾ ಅಂತ ಕೈ ಎತ್ತಿದಳು. ಮಗಳು ತಲೆಯೆತ್ತಿ ನೋಡಿದಳು.

"ಭಾನುವಾರ," ಅಂದೆ ಅವಳಿಗೆ. "ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ."